1,300 ರೂಪಾಯಿ ಮತ್ತು ಸಮುವೇಲನ ಅರ್ಧ ಕಥೆ

ಭಾಗ 1

ಫೋಟೋದಲ್ಲಿ ಇರೋದು ಒಂದು ಮಾಮೂಲಿ ನೋಟ್‌ಬುಕ್. ನೂರು ಪುಟ, ನೀಲಿ ರಟ್ಟು, ಮೇಲೆ ನನ್ನ ಕೈಬರಹದಲ್ಲಿ "ರಿಟ್ರೀಟ್ ಲೆಕ್ಕ" ಅಂತ ಬರೆದಿದೆ. ಯಾಕೆ ಹಾಕಿದೀನಿ ಅಂತ ನಿಧಾನಕ್ಕೆ ಹೇಳ್ತೀನಿ.

ಕಳೆದ ವಾರ ಸ್ಟೋರಿಯಲ್ಲಿ "ದೇವರ ಸ್ವರ ಕೇಳೋದು ಅಂದ್ರೆ ನಿಮಗೆ ಏನು?" ಅಂತ ಕೇಳಿದ್ದೆ. ತುಂಬಾ ಜನ ಉತ್ತರ ಕಳಿಸಿದ್ರಿ, ಥ್ಯಾಂಕ್ಸ್. ಹೆಚ್ಚು ಕಡಿಮೆ ಎಲ್ಲಾ ಉತ್ತರಗಳೂ ಎರಡೇ ಥರ ಇದ್ದವು. ಒಂದು, ಆರಾಧನೆಯಲ್ಲಿ ಮೈ ಜುಮ್ ಅಂದಿದ್ದು, ಕಣ್ಣಲ್ಲಿ ನೀರು ಬಂದಿದ್ದು. ಇನ್ನೊಂದು, ಯಾವ ಕೋರ್ಸ್ ತಗೋಬೇಕು, ಯಾರನ್ನ ಮದುವೆ ಆಗಬೇಕು ಅನ್ನೋ ದೊಡ್ಡ ವಿಷಯಕ್ಕೆ ದೇವರು ಕೊಟ್ಟ ಗುರುತು. ಎರಡನ್ನೂ ನಾನು ಅಲ್ಲಗಳೆಯಲ್ಲ. ಮೊದಲನೆಯದು ನನಗೂ ಆಗಿದೆ. ಎರಡನೆಯದಕ್ಕೆ ಅಮ್ಮ ಈಗಲೇ ಪ್ರಾರ್ಥನೆ ಶುರು ಮಾಡಿಬಿಟ್ಟಿದಾರೆ.

ಆದರೆ ದೇವರ ಸ್ವರಕ್ಕೂ ಶೋಧನೆಗೂ ನಿಜವಾದ ಎಳೆದಾಟ ನಡೆಯೋದು ಅಲ್ಲೆಲ್ಲಾ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಅದು ನಡೆಯೋದು ಮಂಗಳವಾರ ಸಂಜೆ, ಬಸ್‌ಸ್ಟಾಪಲ್ಲಿ, ಕೈಯಲ್ಲಿರೋ ಫೋನ್ ರಿಂಗ್ ಆದಾಗ. ಹಿಂದೆ ಕೀಬೋರ್ಡ್ ಮ್ಯೂಸಿಕ್ ಇರಲ್ಲ. ಯೋಚಿಸೋಕೆ ಐದು ಸೆಕೆಂಡ್ ಇರುತ್ತೆ, ಅಷ್ಟೇ. ಆ ಐದು ಸೆಕೆಂಡಲ್ಲಿ ನಾನು ಸೋತಿದ್ದು ಹೇಗೆ, ಆಮೇಲೆ ಏನಾಯ್ತು ಅಂತ ಈ ಸರಣಿಯಲ್ಲಿ ಬರೀತೀನಿ. ಉದ್ದ ಇದೆ. ಸೇವ್ ಮಾಡ್ಕೊಂಡು ಓದಿ.

ಭಾಗ 2

ಮೊದಲು ಒಂದು ತಕರಾರು.

ನಮ್ಮ ಯೌವನಸ್ಥರ ಕೂಟಗಳಲ್ಲಿ "ಶೋಧನೆ" ಅನ್ನೋ ಪದ ಬಂದ ತಕ್ಷಣ ಪ್ರಸಂಗ ಎಲ್ಲಿಗೆ ಹೋಗುತ್ತೆ ಅಂತ ನಮಗೆಲ್ಲಾ ಬಾಯಿಪಾಠ. ಮೊಬೈಲು, ಕೆಟ್ಟ ವಿಡಿಯೋ, ಕುಡಿತ, ಹುಡುಗ-ಹುಡುಗಿ. ಅದಾದ್ಮೇಲೆ ಯೋಸೇಫ ಪೋಟೀಫರನ ಹೆಂಡತಿಯಿಂದ ಬಟ್ಟೆ ಬಿಟ್ಟು ಓಡಿದ ಕಥೆ. ಒಳ್ಳೇ ಕಥೆ, ಬೇಕಾದ ಕಥೆ. ಆದರೆ ನಾವು ಮರೆಯೋ ಒಂದು ವಿಷಯ ಇದೆ. ಅದೇ ಅಧ್ಯಾಯ ಓದಿ ನೋಡಿ, ಆದಿಕಾಂಡ 39. ಪೋಟೀಫರ ತನ್ನ ಮನೆಯ ಆಸ್ತಿಯನ್ನೆಲ್ಲಾ ಯೋಸೇಫನ ಕೈಗೆ ಒಪ್ಪಿಸಿದ್ದ, ತಾನು ತಿನ್ನೋ ಊಟ ಬಿಟ್ಟು ಬೇರೆ ಯಾವುದರ ವಿಚಾರವನ್ನೂ ನೋಡ್ತಿರಲಿಲ್ಲ. ಅಂದ್ರೆ ಕೇಳೋರು ಯಾರೂ ಇರಲಿಲ್ಲ. ಆ ಹೆಂಗಸು ಬರೋಕೆ ಮುಂಚೆಯೂ ಯೋಸೇಫನ ಎದುರಿಗೆ ದಿನಾ ಒಂದು ಶೋಧನೆ ತೆರೆದೇ ಇತ್ತು. ಅದರ ಬಗ್ಗೆ ಒಂದು ಪ್ರಸಂಗವನ್ನೂ ನಾನು ಕೇಳಿಲ್ಲ.

ಹಾಗಾಗಿ ನನ್ನಂಥವರಿಗೆ ಏನಾಗುತ್ತೆ ಗೊತ್ತಾ? ಸಿಗರೇಟ್ ಇಲ್ಲ, ಲವ್ ಇಲ್ಲ, ಭಾನುವಾರ ತಪ್ಪಿಸಲ್ಲ, ಕ್ವಯರ್‌ನಲ್ಲಿ ಆಲ್ಟೋ ಹಾಡ್ತೀನಿ, ಹಾಗಾದ್ರೆ ನಾನು ಸೇಫ್ ಅಂದ್ಕೊಂಡಿರ್ತೀವಿ. ಗೇಟಿಗೆ ಬೀಗ ಹಾಕಿ ಕಾಯ್ತಾ ಕೂತಿರ್ತೀವಿ, ಹಿತ್ತಲ ಬಾಗಿಲು ಹಾರು ಹೊಡೆದಿರುತ್ತೆ.

ನನ್ನ ಹಿತ್ತಲ ಬಾಗಿಲು ದುಡ್ಡು.

ಭಾಗ 3

ಕಳೆದ ವರ್ಷ ದಸರಾ ರಜೆಗೆ ನಮ್ಮ ಸಭೆಯ ಯೌವನಸ್ಥರ ರಿಟ್ರೀಟ್ ಇತ್ತು. ಒಬ್ಬರಿಗೆ 650 ರೂಪಾಯಿ. ಬಿಕಾಂ ಓದ್ತಿದೀಯಲ್ಲಾ, ಲೆಕ್ಕ ನೀನೇ ನೋಡ್ಕೋ ಅಂದ್ರು. ನನ್ನ ಯುಪಿಐ ನಂಬರನ್ನೇ ಗ್ರೂಪಲ್ಲಿ ಹಾಕಿದ್ರು. ಸಭೆಯ ದುಡ್ಡು, ನನ್ನ ದುಡ್ಡು, ಎರಡೂ ಒಂದೇ ಅಕೌಂಟಲ್ಲಿ. ಈಗ ಬರೆಯೋವಾಗಲೇ ನಗು ಬರುತ್ತೆ. ಬಿಸಿನೆಸ್ ಎಂಟಿಟಿ ಕಾನ್ಸೆಪ್ಟ್ ಅಂತ ಪಿಯುಸಿಯಲ್ಲಿ ಮೊದಲ ತಿಂಗಳೇ ಕಲಿಸ್ತಾರೆ, ಮಾಲೀಕನ ದುಡ್ಡು ಬೇರೆ, ವ್ಯವಹಾರದ ದುಡ್ಡು ಬೇರೆ ಅಂತ. ಹತ್ತು ಅಂಕಕ್ಕೆ ಬರೆದಿದೀನಿ.

14 ಜನ ಕೊಟ್ಟಾಗ ಅಕೌಂಟಲ್ಲಿ 9,100 ಇತ್ತು. ಆ ವಾರ ನನ್ನ ಫೋನ್ ಬಿದ್ದು ಡಿಸ್‌ಪ್ಲೇ ಹೋಯ್ತು. ರಿಪೇರಿಗೆ 3,200. ಅಪ್ಪನಿಗೆ ಹೇಳೋಕೆ ಭಯ, ಯಾಕಂದ್ರೆ ಆ ಫೋನ್ ತಗೊಂಡು ಐದು ತಿಂಗಳೂ ಆಗಿರಲಿಲ್ಲ. ನನ್ನ ಹತ್ತಿರ ಸ್ವಂತದ್ದು ಅಂತ ಇದ್ದಿದ್ದು 300 ರೂಪಾಯಿ. ಎರಡು ಮಕ್ಕಳಿಗೆ ಟ್ಯೂಷನ್ ಹೇಳ್ತಿದ್ದೆ, ತಿಂಗಳಿಗೆ 1,600 ಬರೋದು, ಅದು ಬರೋಕೆ ಇನ್ನೂ ದಿನ ಇತ್ತು.

ಅವಾಗ ತಲೆಯಲ್ಲಿ ಬಂದ ಮಾತನ್ನ ಹಾಗೇ ಬರೀತೀನಿ. "ಕಲೆಕ್ಷನ್ ಬರ್ತಿರೋದೇ ಈ ಫೋನಿಗೆ. ಫೋನ್ ಇಲ್ಲದೇ ಇದ್ರೆ ರಿಟ್ರೀಟ್ ಕೆಲಸಾನೇ ನಿಲ್ಲುತ್ತೆ. ಇದು ಒಂಥರಾ ರಿಟ್ರೀಟ್ ಖರ್ಚೇ. ಎರಡು ತಿಂಗಳಲ್ಲಿ ಹಾಕಿಬಿಡ್ತೀನಿ."

ನೋಡಿ, ಇದರಲ್ಲಿ "ಕದಿ" ಅನ್ನೋ ಪದ ಎಲ್ಲೂ ಇಲ್ಲ. ಶೋಧನೆ ಬಂದು "ಕದಿ" ಅಂದಿದ್ರೆ ನಾನು ಅವತ್ತೇ ಬಿಟ್ಟು ಓಡ್ತಿದ್ದೆ, ಯೋಸೇಫನ ಥರ. ಅದು ಹಾಗೆ ಬರಲ್ಲ. ನನ್ನದೇ ಧ್ವನಿಯಲ್ಲಿ, ನನ್ನದೇ ಜವಾಬ್ದಾರಿಯ ಮಾತಾಡ್ಕೊಂಡು ಬರುತ್ತೆ. ಯಾಕೋಬನ ಪತ್ರಿಕೆಯಲ್ಲಿ ಮನುಷ್ಯ ಶೋಧನೆಗೆ ಬೀಳೋದು ತನ್ನದೇ ಆಸೆ ಎಳೆದುಕೊಂಡು ಹೋದಾಗ ಅಂತ ಇದೆ. ಸೈತಾನನ ಮೇಲೆ ಹಾಕಿ ಕೈ ತೊಳ್ಕೊಳ್ಳೋಕೆ ಯಾಕೋಬ ಬಿಡಲ್ಲ.

ಭಾಗ 4

ಆಮೇಲೆ ನಾಲ್ಕು ಜನ ಯುಪಿಐ ಮಾಡಿದ್ರು, 2,600. ಒಬ್ಬ ಆಂಟಿ ಭಾನುವಾರ ಆರಾಧನೆ ಮುಗಿದ ಮೇಲೆ ಗೇಟ್ ಹತ್ತಿರ ನನ್ನ ಕೈಗೆ ಕ್ಯಾಶ್ ಕೊಟ್ರು. ಎರಡು ಮಕ್ಕಳದ್ದು, 1,300. ಕರ್ಚೀಫಲ್ಲಿ ಗಂಟು ಹಾಕಿದ್ದ ನೋಟುಗಳು, ನೂರರದ್ದು, ಐವತ್ತರದ್ದು, ಹತ್ತರದ್ದು. ಅವರು ಗಾರ್ಮೆಂಟ್ಸ್‌ಗೆ ಹೋಗ್ತಾರೆ. "ಎಣಿಸ್ಕೋ ಮಗಳೇ" ಅಂದ್ರು. "ಇರಲಿ ಬಿಡಿ ಆಂಟಿ" ಅಂದೆ ನಾನು, ದೊಡ್ಡ ಮನುಷ್ಯಳ ಥರ.

ಬಸ್ಸಿಗೆ 8,000 ಅಡ್ವಾನ್ಸ್ ಕೊಟ್ಟಾಯ್ತು. ಉಳಿದಿದ್ದು 1,800. ಆಗ ಸೆಕ್ರೆಟರಿ ಅಂಕಲ್, ದಿನಸಿ ತರಬೇಕು, ಬ್ಯಾಲೆನ್ಸ್ ಎಷ್ಟಿದೆಯೋ ಭಾನುವಾರ ತಂದುಕೊಡಮ್ಮ ಅಂದ್ರು.

20 ಜನ ಕೊಟ್ಟಿದ್ದಾರೆ, ಅಂದ್ರೆ 13,000. ಬಸ್ಸಿಗೆ ಹೋಗಿದ್ದು ಕಳೆದ್ರೆ 5,000 ಇರಬೇಕು. ಇರೋದು 1,800. ಅಷ್ಟರಲ್ಲಿ ಟ್ಯೂಷನ್ ಫೀಸ್ ಬಂತು. ಅದನ್ನೂ ನನ್ನ 300 ಅನ್ನೂ ಸೇರಿಸಿದ್ರೂ 3,700. ಇನ್ನೂ 1,300 ಕಮ್ಮಿ.

1,300. ಆಂಟಿಯ ಕರ್ಚೀಫಿನ ದುಡ್ಡು. ಅದನ್ನ ನಾನಿನ್ನೂ ಬುಕ್ಕಲ್ಲಿ ಬರೆದಿರಲಿಲ್ಲ.

ಬರೆಯದೇ ಇದ್ರೆ ಲೆಕ್ಕ ಸರಿಹೋಗುತ್ತೆ. 18 ಜನ, 11,700, ಬಸ್ಸಿಗೆ 8,000, ಕೈಯಲ್ಲಿ 3,700. ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲ. ನಾನು ಯಾವ ಅಂಕಿಯನ್ನೂ ತಿದ್ದಲಿಲ್ಲ ಅನ್ನೋದನ್ನ ಗಮನಿಸಿ. ಒಂದು ಸಾಲು ಬರೀಲಿಲ್ಲ, ಅಷ್ಟೇ. ಮುಂದಿನ ತಿಂಗಳು ಟ್ಯೂಷನ್ ಫೀಸ್ ಬಂದಾಗ ಆಂಟಿ ಹೆಸರು ಬರೆದ್ರಾಯ್ತು ಅಂದ್ಕೊಂಡೆ. ಅವತ್ತು ಪ್ರಭು ಭೋಜನ ಇತ್ತು. ನಾನು ತಗೊಂಡೆ.

ಸೋಮವಾರ ರಾತ್ರಿ ಗ್ರೂಪಲ್ಲಿ ಅಂಕಲ್ ಪೆಂಡಿಂಗ್ ಲಿಸ್ಟ್ ಹಾಕಿದ್ರು. ನನ್ನ ಬುಕ್ಕಿಂದ ಫೋಟೋ ತೆಗೆದು ಮಾಡಿದ ಲಿಸ್ಟು. ಅದರಲ್ಲಿ ಆಂಟಿ ಮಕ್ಕಳ ಹೆಸರು ಎಲ್ಲರ ಎದುರಿಗೆ.

ಭಾಗ 5

ಮಂಗಳವಾರ ಸಂಜೆ, ಬಸ್‌ಸ್ಟಾಪಲ್ಲಿ, ಆಂಟಿ ಫೋನ್.

ಅವರು ಜಗಳ ಆಡಿದ್ರೆ ಸುಲಭ ಇರೋದು. "ಮಗಳೇ, ನಾನು ಗೇಟ್ ಹತ್ರ ಕೊಟ್ಟ ಹಾಗೆ ನೆನಪು. ಕೊಟ್ಟಿದ್ನಾ, ಇಲ್ಲ ಕೊಡಬೇಕು ಅಂದ್ಕೊಂಡು ಬೇರೆದಕ್ಕೆ ಖರ್ಚು ಮಾಡಿದ್ನಾ? ಮನೆಯೆಲ್ಲಾ ಹುಡುಕಿದೆ. ತಲೆ ಓಡ್ತಿಲ್ಲ ನನಗೆ. ಕೊಟ್ಟಿಲ್ಲ ಅಂದ್ರೆ ಹೇಳು, ಸಂಬಳ ಆದ್ಮೇಲೆ ಕೊಡ್ತೀನಿ, ಮಕ್ಕಳ ಹೆಸರು ಮಾತ್ರ ತೆಗೀಬೇಡ."

ಅವರು ಇನ್ನೊಂದ್ಸಲ ಕೊಡೋಕೆ ತಯಾರಿದ್ರು.

ಆ ಐದು ಸೆಕೆಂಡ್ ಅಂದೆನಲ್ಲಾ, ಅದು ಇದೇ. ಪ್ರತಿ ಶೋಧನೆಯ ಜೊತೆ ತಪ್ಪಿಸ್ಕೊಳ್ಳೋ ದಾರಿಯನ್ನೂ ದೇವರು ಇಡ್ತಾರೆ ಅಂತ ಪೌಲ ಕೊರಿಂಥದವರಿಗೆ ಬರೀತಾನೆ. ನನಗೆ ಆ ದಾರಿ ಫೋನಲ್ಲೇ ಬಂತು, ನನ್ನ ಹೆಸರು ಹಿಡಿದು ಕರೀತು. ನಾನು ಏನಂದೆ? "ಅಯ್ಯೋ ಸಾರಿ ಆಂಟಿ, ನೀವು ಕೊಟ್ಟಿದೀರ, ಬರೆಯೋಕೆ ಮರ್ತೆ. ನಾಳೆನೇ ಸರಿ ಮಾಡ್ತೀನಿ." ಅವರು "ದೇವರಿಗೆ ಸ್ತೋತ್ರ" ಅಂದ್ರು. ಅವರ ದನಿಯಲ್ಲಿದ್ದ ನಿರಾಳ ನನ್ನ ಕಿವಿಯಲ್ಲಿ ಇನ್ನೂ ಇದೆ. ನನ್ನ ಸುಳ್ಳಿಗೆ ಅವರು ದೇವರಿಗೆ ಸ್ತೋತ್ರ ಹೇಳಿದ್ರು.

ಅರ್ಧ ಸತ್ಯ ಹೇಳಿ ಪೂರ್ತಿ ತಪ್ಪಿಸ್ಕೊಂಡೆ.

ಭಾಗ 6

ಗುರುವಾರ ಆಡಿಟಿಂಗ್ ಕ್ಲಾಸ್. ಮೇಡಂ ಬೋರ್ಡ್ ಮೇಲೆ ಮೂರು ಹೆಸರು ಬರೆದ್ರು: ಎ, ಬಿ, ಸಿ. ಎ ಕೊಟ್ಟ ಕ್ಯಾಶನ್ನ ಕ್ಯಾಷಿಯರ್ ತಾನು ಬಳಸ್ಕೊಳ್ತಾನೆ. ಬಿ ದುಡ್ಡು ಬಂದಾಗ ಅದನ್ನ ಎ ಲೆಕ್ಕಕ್ಕೆ ಹಾಕ್ತಾನೆ. ಸಿ ದುಡ್ಡು ಬಂದಾಗ ಬಿ ಲೆಕ್ಕಕ್ಕೆ. ಹೀಗೇ ಉರುಳಿಸ್ತಾ ಹೋಗ್ತಾನೆ, ಪುಸ್ತಕ ಮಾತ್ರ ಯಾವಾಗಲೂ ಸರಿ ಇರುತ್ತೆ. ಇದಕ್ಕೆ ಟೀಮಿಂಗ್ ಅಂಡ್ ಲೇಡಿಂಗ್ ಅಂತಾರೆ, ಲ್ಯಾಪಿಂಗ್ ಅಂತಲೂ ಅಂತಾರೆ, ಐದು ಮಾರ್ಕ್ಸಿಗೆ ಬರಬಹುದು, ಬರ್ಕೊಳ್ಳಿ ಅಂದ್ರು.

ನಾನು ಬರ್ಕೊಳ್ಳಲಿಲ್ಲ. ಪೆನ್ ಹಿಡ್ಕೊಂಡು ಕೂತಿದ್ದೆ. ಮೇಡಂ ಮುಂದುವರಿಸಿದ್ರು: ಇಂಥವನು ರಜೆ ಹಾಕಲ್ಲ, ಪುಸ್ತಕ ಬೇರೆಯವರ ಕೈಗೆ ಕೊಡಲ್ಲ, ನೋಡೋಕೆ ತುಂಬಾ ನಿಯತ್ತಿನ ಕೆಲಸಗಾರ. ಹಿಂದಿನ ಬೆಂಚಲ್ಲಿ ಯಾರೋ ನಕ್ರು.

ಮೇಡಂ ಕ್ರೈಸ್ತರಲ್ಲ. ಅವರು ನನಗೋಸ್ಕರ ಪಾಠ ಮಾಡಲೂ ಇಲ್ಲ, ಸಿಲಬಸ್ ಮಾಡ್ತಿದ್ರು. ಆದರೆ ಆ ಮಧ್ಯಾಹ್ನ ನನಗೆ ಕೇಳಿಸಿದ್ದು ದೇವರ ಸ್ವರ ಅಂತ ನಾನು ಇವತ್ತಿಗೂ ನಂಬ್ತೀನಿ. ಮೈ ಜುಮ್ ಅನ್ನಲಿಲ್ಲ. ಹೊಟ್ಟೆ ತೊಳಸಿತು. ನಾನು "ಅಡ್ಜಸ್ಟ್‌ಮೆಂಟ್" ಅಂತ ಕರೀತಿದ್ದದ್ದಕ್ಕೆ ಇನ್ನೊಂದು ಹೆಸರು ಇದೆ ಅಂತ ಗೊತ್ತಾಯ್ತು. ದೇವರ ಸ್ವರದ ಬಗ್ಗೆ ನನಗೆ ಗೊತ್ತಿರೋದು ಬಹಳ ಕಮ್ಮಿ, ಆದರೆ ಅದು ವಿಷಯಕ್ಕೆ ಅದರ ನಿಜವಾದ ಹೆಸರು ಇಡುತ್ತೆ ಅನ್ನೋದು ಮಾತ್ರ ಖಾತ್ರಿ.

ಎಲೀಯನ ಕಥೆಯನ್ನ ನಾವು ಪೋಸ್ಟರ್ ಮಾಡಿ ಹಾಕ್ತೀವಿ. ಹೋರೇಬ್ ಬೆಟ್ಟ, ಬಿರುಗಾಳಿ, ಭೂಕಂಪ, ಬೆಂಕಿ, ಆಮೇಲೆ ಮೆಲ್ಲನೆಯ ಸ್ವರ. ಆ ಸ್ವರ ಏನಂತು ಅಂತ ಪೋಸ್ಟರಲ್ಲಿ ಹಾಕಲ್ಲ. ಅದು ಸಮಾಧಾನ ಹೇಳಲಿಲ್ಲ, ಪ್ರಶ್ನೆ ಕೇಳ್ತು. ನೀನು ಇಲ್ಲಿ ಏನು ಮಾಡ್ತಿದೀಯ ಅಂತ. ಏದೆನಲ್ಲಿ ಆದಾಮನಿಗೂ ಪ್ರಶ್ನೆ, ಎಲ್ಲಿದೀಯ ಅಂತ. ಕಾಯಿನನಿಗೂ ಪ್ರಶ್ನೆ, ತಮ್ಮ ಎಲ್ಲಿ ಅಂತ.

ಇಲ್ಲಿ ನನ್ನ ಥಿಯರಿ ಸ್ವಲ್ಪ ಕುಂಟುತ್ತೆ, ಒಪ್ಕೋತೀನಿ. ಯಾಕಂದ್ರೆ ಸತ್ಯವೇದದಲ್ಲಿ ಎಲ್ಲರಿಗಿಂತ ಮೊದಲು ಪ್ರಶ್ನೆ ಕೇಳಿದ್ದು ಸರ್ಪ. ಹಾಗಾಗಿ ಪ್ರಶ್ನೆ ಬಂತು ಅಂದ ಮಾತ್ರಕ್ಕೆ ದೇವರು ಅಂತಲ್ಲ. ಸರ್ಪದ ಪ್ರಶ್ನೆ ದೇವರು ಏನು ಹೇಳಿದ್ರು ಅನ್ನೋದರ ಮೇಲೆ ಸಂಶಯ ತರೋಕೆ. ದೇವರ ಪ್ರಶ್ನೆ ನಾವು ಏನು ಮಾಡಿದ್ವಿ ಅಂತ ನೋಡ್ಕೊಳ್ಳೋಕೆ. ಆಂಟಿ ಕೇಳಿದ್ದು ಯಾವ ಥರದ್ದು ಅಂತ ನನಗೆ ಗೊತ್ತು.

ಭಾಗ 7

ಈಗ ಟೈಟಲ್‌ಗೆ ಬರ್ತೀನಿ. ಸಮುವೇಲ.

ಸಂಡೇ ಸ್ಕೂಲಲ್ಲಿ ಎಲ್ಲರೂ ನಾಟಕ ಮಾಡಿದ್ದೀವಿ. ಪುಟ್ಟ ಹುಡುಗ ಮಲಗಿರ್ತಾನೆ, ಸ್ವರ ಕೇಳುತ್ತೆ, ಮೂರು ಸಲ ಏಲಿಯ ಹತ್ತಿರ ಓಡ್ತಾನೆ, ನಾಲ್ಕನೇ ಸಲ "ಹೇಳು ಕರ್ತನೇ" ಅಂತಾನೆ. ಪರದೆ ಬೀಳುತ್ತೆ. ಚಪ್ಪಾಳೆ. ಬಿಸ್ಕತ್ತು.

ದೇವರು ಆಮೇಲೆ ಏನು ಹೇಳಿದ್ರು ಅನ್ನೋದನ್ನ ನಾಟಕದಲ್ಲಿ ಯಾರೂ ಇಡಲ್ಲ. ನಾನೂ ಈ ಘಟನೆ ಆಗೋವರೆಗೂ ಗಮನ ಕೊಟ್ಟು ಓದಿರಲಿಲ್ಲ. ಏಲಿಗೆ ಇಬ್ಬರು ಮಕ್ಕಳು, ಹೊಫ್ನಿ ಮತ್ತು ಫೀನೆಹಾಸ, ಇಬ್ಬರೂ ಯಾಜಕರು. ಶೀಲೋವಿಗೆ ಜನ ಯಜ್ಞಕ್ಕೆ ತಂದ ಮಾಂಸ ಬೇಯ್ತಿರುವಾಗ ಇವರ ಆಳು ಮೂರು ಮುಳ್ಳಿನ ಕೊಕ್ಕೆ ಹಾಕಿ ಸಿಕ್ಕಿದಷ್ಟು ಎತ್ತಿಕೊಳ್ತಿದ್ದ. ಕೊಬ್ಬನ್ನ ದೇವರಿಗೆ ಅರ್ಪಿಸೋಕೆ ಮುಂಚೆಯೇ ಹಸಿ ಮಾಂಸ ಕೊಡು ಅಂತ ಕೇಳ್ತಿದ್ದ, ಕೊಡಲ್ಲ ಅಂದ್ರೆ ಕಿತ್ಕೊಳ್ತಿದ್ದ. ಅಂದ್ರೆ ಕಾಣಿಕೆಯಲ್ಲಿ ಕೈ. ಏಲಿಗೆ ಗೊತ್ತಿತ್ತು, ಬಾಯಿಮಾತಲ್ಲಿ ಬೈದ, ನಿಲ್ಲಿಸಲಿಲ್ಲ.

ಸಮುವೇಲನಿಗೆ ಮೊಟ್ಟಮೊದಲ ಸಲ ದೇವರ ಸ್ವರ ಬಂದಿದ್ದು ಇದೇ ವಿಷಯಕ್ಕೆ. ಅವನ ಭವಿಷ್ಯದ ಬಗ್ಗೆ ಒಂದು ಮಾತಿಲ್ಲ. ದೇವರ ಮನೆಯ ದುಡ್ಡಿನ ವಿಷಯ, ನಮ್ಮ ಭಾಷೆಯಲ್ಲಿ ಹೇಳೋದಾದ್ರೆ. ಅದನ್ನ ಕೇಳಿಸ್ಕೊಂಡ ಮೇಲೆ ಆ ಹುಡುಗ ಬೆಳಗಿನವರೆಗೂ ಮಲಗಿದ್ದ, ಎದ್ದು ಬಾಗಿಲು ತೆರೆದ, ಏಲಿಗೆ ಹೇಳೋಕೆ ಹೆದರಿದ. ಈ ಸಾಲು ನನಗೆ ಬಹಳ ಇಷ್ಟ. ಸ್ವರ ಕೇಳಿಸ್ಕೊಳ್ಳೋದು ರಾತ್ರಿ ಆಯ್ತು, ಆದರೆ ಅದನ್ನ ಒಬ್ಬ ಮನುಷ್ಯನ ಮುಖ ನೋಡಿ ಹೇಳೋ ಕೆಲಸ ಬೆಳಿಗ್ಗೆಗೆ ಉಳೀತು. ಕಷ್ಟ ಇರೋದು ಬೆಳಿಗ್ಗೆಯ ಭಾಗದಲ್ಲಿ.

ಯೂದನದ್ದೂ ಹೀಗೇ ಅರ್ಧ ಕಥೆ ಹೇಳ್ತೀವಿ. ಮೂವತ್ತು ಬೆಳ್ಳಿ ನಾಣ್ಯ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಅವನ ಹತ್ತಿರ ಶಿಷ್ಯರ ಹಣದ ಚೀಲ ಇರ್ತಿತ್ತು, ಅದರಲ್ಲಿ ಹಾಕಿದ್ದನ್ನ ತೆಗೀತಿದ್ದ ಅಂತ ಯೋಹಾನ 12ರಲ್ಲಿದೆ. ಮರಿಯಳು ಯೇಸುವಿನ ಪಾದಕ್ಕೆ ತೈಲ ಹಚ್ಚಿದಾಗ ಬಡವರಿಗೆ ಕೊಡಬಹುದಿತ್ತಲ್ಲಾ ಅಂತ ಮಾತಾಡಿದವನೂ ಅವನೇ. ಚೀಲದಲ್ಲಿ ಕೈ ಇಟ್ಟವನ ಬಾಯಲ್ಲಿ ಬಡವರ ಕಾಳಜಿ. ನಾನು ರಿಟ್ರೀಟ್ ಮೀಟಿಂಗಲ್ಲಿ "ಖರ್ಚು ಕಮ್ಮಿ ಮಾಡೋಣ, ಜನರ ಕಾಣಿಕೆ ದುಡ್ಡು" ಅಂತ ಹೇಳಿದ್ದೆ. ಮಿನಿಟ್ಸ್ ಬುಕ್ಕಲ್ಲಿ ಇದೆ.

ಭಾಗ 8

ಗುರುವಾರ ರಾತ್ರಿ ಮೊಣಕಾಲೂರಿ ಅತ್ತೆ. ನಿಜವಾಗಲೂ ಅತ್ತೆ. ಹಗುರ ಆಯ್ತು. ದೇವರು ಕ್ಷಮಿಸಿದ್ರು ಅನ್ನಿಸ್ತು, ಅದೂ ಸುಳ್ಳಲ್ಲ.

ಶೋಧನೆ ಮತ್ತೆ ಬಂದಿದ್ದು ಆಗಲೇ. ಈ ಸಲ ಸತ್ಯವೇದ ಕೈಯಲ್ಲಿ ಹಿಡ್ಕೊಂಡು ಬಂತು. "ದೇವರು ಕ್ಷಮಿಸಿದ ಮೇಲೆ ಮನುಷ್ಯರಿಗೆ ಹೇಳೋದು ಯಾಕೆ? ಪಾಪಗಳನ್ನ ಸಮುದ್ರದ ಆಳಕ್ಕೆ ಹಾಕ್ತಾರೆ ಅಲ್ವಾ? ನೀನು ಸಂಡೇ ಸ್ಕೂಲ್ ಟೀಚರ್, ಚಿಕ್ಕ ಮಕ್ಕಳು ಎಡವಿ ಬೀಳ್ತಾರೆ. ಸಾಕ್ಷಿ ಕೆಡುತ್ತೆ. ಮುಂದಿನ ತಿಂಗಳು ದುಡ್ಡು ಹಾಕು, ಇನ್ನೊಂದ್ಸಲ ಮಾಡಬೇಡ, ಅಷ್ಟೇ ಮಾನಸಾಂತರ."

ಹೇಳಿ, ಇದರಲ್ಲಿ ತಪ್ಪು ಯಾವುದು? ಒಂದೊಂದೇ ವಾಕ್ಯ ತಗೊಂಡ್ರೆ ಪ್ರಸಂಗದಲ್ಲಿ ಹೇಳಬಹುದಾದ ಮಾತುಗಳು. ಅರಣ್ಯದಲ್ಲಿ ಯೇಸುವಿನ ಎದುರು ಸೈತಾನ 91ನೇ ಕೀರ್ತನೆ ಹೇಳಿದ ಹಾಗೆ. ಯೇಸು ಮೂರು ಸಲವೂ ಉತ್ತರ ಕೊಟ್ಟಿದ್ದು ಧರ್ಮೋಪದೇಶಕಾಂಡದಿಂದ. ವಾಕ್ಯಕ್ಕೆ ವಾಕ್ಯ. ನನಗೆ ಅವತ್ತು ಅಷ್ಟು ವಾಕ್ಯ ಗೊತ್ತಿರಲಿಲ್ಲ. ಒಂದೇ ಒಂದು ವಿಷಯ ಚುಚ್ತಾ ಇತ್ತು: ಈ ಸಲಹೆಯ ಪ್ರಕಾರ ನಡೆದ್ರೆ ನಷ್ಟ ಆಗೋದು ಯಾರಿಗೆ? ನನಗೆ ಏನೂ ಇಲ್ಲ. ಆಂಟಿ ಮಾತ್ರ ತನಗೆ ಮರೆವು ಶುರುವಾಗಿದೆಯೇನೋ ಅಂದ್ಕೊಂಡು ಇರ್ತಾರೆ.

ಜಕ್ಕಾಯನ ನೆನಪಾಯ್ತು. ಅವನು ಯೇಸುವನ್ನ ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಲಿಲ್ಲ. ಎದ್ದು ನಿಂತು ಹೇಳಿದ, ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂತ. ಅಕೌಂಟ್ಸ್ ಗೊತ್ತಿದ್ದ ಮನುಷ್ಯ, ಪಾಪ. ಸಾಲ ಯಾರ ಹೆಸರಲ್ಲಿದೆಯೋ ಅವರಿಗೇ ತೀರಿಸಬೇಕು ಅಂತ ಅವನಿಗೆ ಗೊತ್ತಿತ್ತು.

"ಅದರ ಬಗ್ಗೆ ಪ್ರಾರ್ಥನೆ ಮಾಡ್ತಿದೀನಿ" ಅಂತ ನಾವು ಹೇಳ್ತೀವಲ್ಲಾ, ಅದರ ಮೇಲೆ ನನಗೆ ಈಗ ಸ್ವಲ್ಪ ಅನುಮಾನ. ಗೊತ್ತಿಲ್ಲದ ವಿಷಯಕ್ಕೆ ಪ್ರಾರ್ಥನೆ ಮಾಡಿ ಕಾಯೋದು ಬೇರೆ. ಗೊತ್ತಿರೋ ವಿಷಯಕ್ಕೆ ಕಾಯೋದು ಬರೀ ತಡ ಮಾಡೋದು. ಇಂಟರ್ನಲ್ಸ್‌ಗೆ ಕಾಪಿ ಹೊಡೀಬೇಕಾ ಬೇಡ್ವಾ, ಫ್ರೆಂಡ್‌ಗೆ ಪ್ರಾಕ್ಸಿ ಹಾಕಬೇಕಾ ಬೇಡ್ವಾ, ಇದಕ್ಕೆಲ್ಲಾ ದೇವರಿಂದ ಹೊಸ ಸ್ವರ ಬರಬೇಕಾಗಿಲ್ಲ. ಬಂದಿರೋದನ್ನ ಕೇಳಿಸ್ಕೊಂಡ್ರೆ ಸಾಕು.

ಭಾಗ 9

ಶುಕ್ರವಾರ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸ್ಕೊಂಡು ಅಪ್ಪ ಕೇಳಿದ್ದು ಒಂದೇ. "ಡಿಸ್‌ಪ್ಲೇ ಒಡೆದಿದ್ದಕ್ಕೆ ನಾನು ಎಷ್ಟು ಹೊತ್ತು ಬೈತಿದ್ದೆ? ಹತ್ತು ನಿಮಿಷ?" ನಾನು ಉತ್ತರ ಕೊಡಲಿಲ್ಲ. ಹತ್ತು ನಿಮಿಷದ ಬೈಗುಳ ತಪ್ಪಿಸ್ಕೊಳ್ಳೋಕೆ ಅಷ್ಟೆಲ್ಲಾ. 1,300 ಕೊಟ್ರು, ಸಾಲ ಅಂತ ಹೇಳಿಯೇ ಕೊಟ್ರು. ಮುಂದಿನ ಟ್ಯೂಷನ್ ಫೀಸಲ್ಲಿ ತೀರಿಸಿದೆ.

ಶನಿವಾರ ಕ್ವಯರ್ ಪ್ರಾಕ್ಟೀಸ್ ಆದ್ಮೇಲೆ ಸೆಕ್ರೆಟರಿ ಅಂಕಲ್‌ಗೆ ಹೇಳಿದೆ. ಬುಕ್ ತೆಗೆದು ತೋರಿಸಿದೆ, ಯಾವ ತಾರೀಖು ಏನು ಮಾಡಿದೆ ಅಂತ ಪೆನ್ಸಿಲಲ್ಲಿ ಬರೆದು ಕೊಟ್ಟೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡ್ರು. "ಅವರಿಗೆ ಹೇಳಿದ್ಯಾ?" ಅಂದ್ರು. ಯಾರಿಗೆ ಅಂತ ಇಬ್ಬರಿಗೂ ಗೊತ್ತಿತ್ತು. ಇಲ್ಲ ಅಂದೆ. "ಮೊದಲು ಅಲ್ಲಿಗೆ ಹೋಗಬೇಕಿತ್ತಮ್ಮ" ಅಂದ್ರು. ಸರಿಯಾದ ಮಾತು.

ಆಂಟಿ ಮನೆಗೆ ಹೋದಾಗ ಅವರು ಕೆಲಸದಿಂದ ಬಂದು ಅಕ್ಕಿ ಆರಿಸ್ತಾ ಕೂತಿದ್ರು. ಹೇಳಿದೆ. ಸಿನಿಮಾದಲ್ಲಿ ಆಗೋ ಹಾಗೆ ತಬ್ಬಿಕೊಂಡು ಅಳಲಿಲ್ಲ ಯಾರೂ. "ಪರವಾಗಿಲ್ಲ ಬಿಡು" ಅಂತಾರೇನೋ ಅಂತ ಕಾದೆ, ಅನ್ನಲಿಲ್ಲ. ಸುಮಾರು ಹೊತ್ತು ಅಕ್ಕಿ ನೋಡ್ತಾ ಇದ್ದು, "ನಮ್ಮ ಅವ್ವನಿಗೆ ಕೊನೆಗೆ ಮರೆವು ಬಂದಿತ್ತು. ನನಗೂ ಶುರು ಆಯ್ತು ಅಂದ್ಕೊಂಡು ಆ ರಾತ್ರಿ ನಿದ್ದೆ ಮಾಡಿಲ್ಲ ನಾನು" ಅಂದ್ರು. ಟೀ ಮಾಡಿ ಕೊಟ್ರು. ಕುಡಿದೆ. ಹೊರಡೋವಾಗ ಪ್ರಾರ್ಥನೆ ಮಾಡಿ ಹೋಗು ಅಂದ್ರು, ನನಗೆ ಮಾತು ಬರಲಿಲ್ಲ, ಅವರೇ ಮಾಡಿದ್ರು.

ಅವರ ಅನುಮತಿ ತಗೊಂಡೇ ಇದನ್ನ ಬರೀತಿದೀನಿ. ಹೆಸರು ಬೇಡ ಅಂದ್ರು. ದಯವಿಟ್ಟು ನಮ್ಮ ಸಭೆಯವರು ಕಾಮೆಂಟಲ್ಲಿ ಊಹೆ ಮಾಡಬೇಡಿ.

ಭಾಗ 10

ಲೆಕ್ಕದ ಕೆಲಸ ನನ್ನಿಂದ ತೆಗೆದ್ರು. ಸಂಡೇ ಸ್ಕೂಲ್ ಮೂರು ತಿಂಗಳು ಬೇಡ ಅಂದ್ರು ಅಯ್ಯನವರು. ರಿಟ್ರೀಟಿಗೆ ಹೋದೆ, ಪಾತ್ರೆ ತೊಳೆಯೋ ಗುಂಪಲ್ಲಿದ್ದೆ. ಒಬ್ಬ ಅಂಕಲ್ ಇವತ್ತಿಗೂ ಕಾಣಿಕೆ ಚೀಲ ಬರೋವಾಗ ನನ್ನ ಕಡೆ ನೋಡ್ತಾರೆ. ಬೇಜಾರಾಗುತ್ತೆ, ಆದರೆ ಅನ್ಯಾಯ ಅಂತ ಹೇಳೋಕೆ ಆಗಲ್ಲ. ಕ್ಷಮೆ ಒಂದೇ ದಿನದಲ್ಲಿ ಸಿಗಬಹುದು, ನಂಬಿಕೆ ಕಂತಲ್ಲಿ ವಾಪಸ್ ಬರುತ್ತೆ.

ಈ ಸರಣಿ ಹಾಕ್ತೀನಿ ಅಂದಾಗ ಒಬ್ಬ ಅಣ್ಣ ಮೆಸೇಜ್ ಮಾಡಿದ್ರು. ಹೊರಗಿನವರು ಓದ್ತಾರೆ, ಕ್ರೈಸ್ತರು ಹೀಗಾ ಅಂತ ನಗ್ತಾರೆ, 1,300 ರೂಪಾಯಿಗೆ ಇಷ್ಟೆಲ್ಲಾ ಯಾಕೆ ಅಂತ. ಗೌರವದಿಂದಲೇ ಹೇಳ್ತೀನಿ ಅಣ್ಣಾ, ನಾನು ಒಪ್ಪಲ್ಲ. ಸತ್ಯವೇದದವರೇ ಮುಚ್ಚಿಡಲಿಲ್ಲ. ಹೊಫ್ನಿ-ಫೀನೆಹಾಸರ ಕೊಕ್ಕೆಗೆ ಎಷ್ಟು ಮುಳ್ಳು ಅಂತಲೂ ಬರೆದಿಟ್ಟಿದ್ದಾರೆ. ಮೊತ್ತದ ಮಾತು ಹೇಳೋದಾದ್ರೆ, 1,300 ನಿಮಗೆ ಎಷ್ಟು ಅನ್ನೋದು ಬೇರೆ, ಕರ್ಚೀಫಲ್ಲಿ ಗಂಟು ಹಾಕಿ ತಂದವರಿಗೆ ಎಷ್ಟು ಅನ್ನೋದು ಬೇರೆ.

ನಾನು ಇನ್ನೊಂದು ವಿಷಯಕ್ಕೆ ಇದನ್ನ ಬರೀತಿದೀನಿ. "ನಮ್ಮವಳೇ, ದೇವರ ಮಗಳು, ನಂಬಿಕೆ ಇದೆ" ಅಂತ ಹೇಳಿ ಇಪ್ಪತ್ತು ವರ್ಷದ ಹುಡುಗಿಯ ಸ್ವಂತ ಅಕೌಂಟಿಗೆ ಸಭೆಯ ದುಡ್ಡು ಹಾಕಿಸೋದು ನಂಬಿಕೆ ಅಲ್ಲ. ತಪ್ಪು ನನ್ನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶೋಧನೆಗೆ ಒಳಪಡಿಸಬೇಡ ಅಂತ ಪ್ರತಿ ಭಾನುವಾರ ಪ್ರಾರ್ಥಿಸಿ, ಸೋಮವಾರ ಒಬ್ಬರ ಕೈಗೇ ಎಲ್ಲಾ ಕೊಟ್ಟು ಕಳಿಸೋದು ವಿಚಿತ್ರ ಅಲ್ವಾ? ಅರಸ ಯೆಹೋವಾಷನ ಕಾಲದಲ್ಲಿ ದೇವಾಲಯದ ರಿಪೇರಿಗೆ ಪೆಟ್ಟಿಗೆ ಇಟ್ಟಾಗ ಮುಚ್ಚಳಕ್ಕೆ ತೂತು ಕೊರೆದಿದ್ರು. ತುಂಬಿದಾಗ ಅರಸನ ಲೇಖಕ, ಮಹಾಯಾಜಕ, ಇಬ್ಬರೂ ಬಂದು ಎಣಿಸಿ ಚೀಲ ಕಟ್ತಿದ್ರು. 2 ಅರಸುಗಳು 12. ಪೌಲ ಯೆರೂಸಲೇಮಿನ ಬಡವರಿಗೆ ಸಹಾಯಧನ ಕೂಡಿಸಿದಾಗ ತೀತನ ಜೊತೆ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನ ಕಳಿಸ್ತಾನೆ. ಯಾರೂ ಬೊಟ್ಟು ಮಾಡಬಾರದು ಅಂತ, ದೇವರ ಎದುರು ಮಾತ್ರ ಅಲ್ಲ ಮನುಷ್ಯರ ಎದುರೂ ಸರಿ ಇರಬೇಕು ಅಂತ. ಪೌಲನಿಗೇ ಇನ್ನೊಬ್ಬ ಸಾಕ್ಷಿ ಬೇಕಿತ್ತು. ಆಡಿಟಿಂಗ್ ಮೇಡಂ ಇದನ್ನ ಇಂಟರ್ನಲ್ ಚೆಕ್ ಅಂತಾರೆ. ಡಬಲ್ ಎಂಟ್ರಿ ಬಗ್ಗೆ 1494ರಲ್ಲಿ ಪುಸ್ತಕ ಅಚ್ಚು ಹಾಕಿಸಿದ ಲೂಕಾ ಪಚೋಲಿ ಒಬ್ಬ ಫ್ರಾನ್ಸಿಸ್ಕನ್ ಸನ್ಯಾಸಿ, ಲೆಕ್ಕವನ್ನ ದೇವರ ಹೆಸರಿಂದ ಶುರು ಮಾಡಬೇಕು ಅಂದವನು. ಆದರೂ ದೇವರ ಹೆಸರು ಬರೆದರೆ ಸಾಕು ಅನ್ನಲಿಲ್ಲ. ಡೆಬಿಟ್, ಕ್ರೆಡಿಟ್ ಎರಡೂ ಬರಿ ಅಂದ.

ನಿಮ್ಮ ಸಭೆಯಲ್ಲಿ ಯೌವನಸ್ಥರ ದುಡ್ಡು ಯಾರ ಯುಪಿಐಗೆ ಹೋಗ್ತಿದೆ? ಈ ಭಾನುವಾರ ಕೇಳಿ. ಆ ಹುಡುಗ ಅಥವಾ ಹುಡುಗಿಗೋಸ್ಕರ ಕೇಳಿ.

ಈ ವರ್ಷದ ರಿಟ್ರೀಟಿಗೆ 700 ರೂಪಾಯಿ. ಹೋದ ಭಾನುವಾರ ಕೊಟ್ಟೆ. ದುಡ್ಡು ತಗೊಳ್ಳೋಕೆ ಇಬ್ಬರು ಕೂತಿದ್ರು, ಒಬ್ಬಳು ಎಣಿಸೋಕೆ, ಒಬ್ಬ ಬರೆಯೋಕೆ. ಬರೆಯೋನು ಆಂಟಿಯ ದೊಡ್ಡ ಮಗ, ಈಗ ಫಸ್ಟ್ ಪಿಯುಸಿ. ನಾನು ನೋಟು ಮಡಚಿ ಕೊಟ್ಟು ಹೊರಟೆ. "ಅಕ್ಕಾ, ಇರಿ, ಎಣಿಸಿ ಆಗಿಲ್ಲ" ಅಂತ ಕೂಗಿದ. ನಿಂತೆ. ಎಣಿಸಿದ್ರು, ರಸೀದಿ ಹರಿದ್ರು, ಇಬ್ಬರೂ ಸೈನ್ ಹಾಕಿದ್ರು, ಆಮೇಲೆ ಬುಕ್ ನನ್ನ ಕಡೆ ತಿರುಗಿಸಿ ನನ್ನ ಸೈನೂ ಹಾಕಿಸ್ಕೊಂಡ.